ತೊಲೆ ಬಿರಿದಿದೆ ಎಂದರೆ ನಂಬುವವರು ಯಾರು?

ಕಳೆದ ಗುರುವಾರ ಮಧ್ಯಾಹ್ನ ನಾನು ನನ್ನ ಬಾಡಿಗೆದಾರರಿಗೆ ಒಂದು ಅಪ್ಪಟ ನಿಜ ಹೇಳಿದೆ. ಮನೆ ಬಾಡಿಗೆಗೆ ಕೊಡಲು ಶುರುಮಾಡಿದ ಮೇಲೆ ಇದೇ ಮೊದಲಿರಬೇಕು. "ತೊಲೆ ಬಿರಿದಿದೆ, ಈಗಿಂದೀಗಲೇ ಹೊರಗೆ ಬರ್ರಿ" ಎಂದೆ.

ಯಾರೂ ಏಳಲಿಲ್ಲ.

ಏಳಬೇಕಾದವರು ಮೂವರು. ಎಂಟು ದಿನದ ಕೂಸು, ಚೊಚ್ಚಲ ಹೆರಿಗೆಗೆಂದು ಪಾಪಿನಾಯಕನಹಳ್ಳಿಯಿಂದ ತವರಿಗೆ ಬಂದ ಅದರ ತಾಯಿ, ಆ ತಾಯಿಯ ತಾಯಿ ಈರಮ್ಮ. ಈರಮ್ಮನ ಮಗ ತಿಪ್ಪಣ್ಣ ಸಂಡೂರಿನ ಮ್ಯಾಂಗನೀಸ್ ಗಣಿಯಲ್ಲಿ ಮೇಸ್ತ್ರಿ. ಹೊಸಪೇಟೆಗೆ ಬರುವುದು ಶನಿವಾರ. ಉಳಿದ ಆರು ದಿನ ಆ ಮನೆಗೆ ಈರಮ್ಮನೇ ಹೈಕೋರ್ಟು.

"ಮತ್ತ ಶುರು ಆತೇನ್ರಿ ನಿಮ್ಮ ತೊಲಿ ಪುರಾಣ?" ಎಂದರು ಆಕೆ, ಕೂಸಿಗೆ ಹೊಗೆ ಹಾಕುತ್ತಾ. "ಬಾಣಂತಿನ ಮಳ್ಯಾಗ ಹೊರಗ ಹಾಕಾಕ ಬಂದೀರಲ್ಲ."

ಆಕೆಯದು ತಪ್ಪಲ್ಲ. ಎರಡು ತಿಂಗಳ ಹಿಂದೆ, ಕಂಪ್ಲಿಯಲ್ಲಿ ಗುಮಾಸ್ತನಾಗಿದ್ದ ನನ್ನ ಹೆಂಡತಿಯ ತಮ್ಮನಿಗೆ ಹೊಸಪೇಟೆಗೆ ಟ್ರಾನ್ಸ್‌ಫರ್ ಆಯಿತು. ಅವನಿಗೆ ಈರಮ್ಮ ಬಾಡಿಗೆಗಿದ್ದ ನಮ್ಮ ಹಿತ್ತಲ ಮನೆ ಬೇಕಾಯಿತು. ಹಾಗೆಂದು ನೇರ ಹೇಳಲು ನನಗೆ ಸಂಕೋಚ. (ಸಂಕೋಚ ಎನ್ನುವುದು ಪುಕ್ಕಲರು ತಮ್ಮ ಪುಕ್ಕಲುತನಕ್ಕೆ ಇಟ್ಟುಕೊಂಡ ಮರ್ಯಾದೆಯ ಹೆಸರು.) "ನಡುವಿನ ತೊಲೆ ಸರಿಯಿಲ್ಲ, ರಿಪೇರಿ ಮಾಡಿಸಬೇಕು, ಮನೆ ಬಿಡಿ" ಎಂದುಬಿಟ್ಟೆ. ಮನೆ ಬಿಡಿಸಲು ನಾವೆಲ್ಲ ಹೇಳುವುದು ಇದನ್ನೇ ಅಲ್ಲವೇ?

ಈರಮ್ಮ ಗಾದಿಗನೂರಿನಿಂದ ಒಬ್ಬ ಬಡಗಿಯನ್ನು ಕರೆಸಿದರು. ಅವನು ತೊಲೆಯನ್ನು ಮೂರು ಕಡೆ ಬಡಿದು, ಕಿವಿಗೊಟ್ಟು, ನನ್ನೆದುರಿಗೇ ಹೇಳಿದ: "ಇದಕ್ಕೇನೂ ಆಗಿಲ್ಲ ಬಿಡವ್ವ. ಇನ್ನೂ ಎರಡು ತಲಮಾರು ಬರ್ತೈತಿ." ಈರಮ್ಮ ನನ್ನ ಮುಖ ನೋಡಿದರು. ನಾನು ತೊಲೆಯ ಮುಖ ನೋಡಿದೆ. ಭಾವಮೈದುನ ಬೇರೆ ಮನೆ ಹಿಡಿದ; ಸುಳ್ಳು ಯಾರಿಗಾಗಿ ಎಂಬುದು ಈರಮ್ಮನಿಗೂ ತಿಳಿಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಇಲ್ಲದ ಚಿಂತೆ ಹಚ್ಚಿಕೊಳ್ಳುವ ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಆ ಸುಳ್ಳನ್ನು ಹೇಳಿದವನೂ ನಾನೇ, ನಂಬಿದವನೂ ನಾನೊಬ್ಬನೇ. ತೊಲೆ ನಿಜಕ್ಕೂ ಸರಿಯಿಲ್ಲದಿದ್ದರೆ? ಮಾಳಿಗೆ ಸೋರಿ ನೆನೆದರೆ?

ನಮ್ಮ ಕಡೆ ಛಾವಣಿಯೆಂದರೆ ತೊಲೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಹಳೆಯ ಮಣ್ಣು ಕೆರೆದು ತೆಗೆಸಿ, ನೀರು ಇಳಿಯಗೊಡದ ಹೊಸ ಚೌಳು ಮಣ್ಣು ಹಾಕಿಸಬೇಕು. ನಾನು ವರ್ಷ ವರ್ಷವೂ ಕೆರೆಸುವುದನ್ನು ಬಿಟ್ಟು ಹಾಕಿಸುವುದನ್ನಷ್ಟೇ ಮಾಡಿಕೊಂಡು ಬಂದವನು. ಈ ಸಲ ಚಿಂತೆ ಜಾಸ್ತಿ. ಹಳೆಯ ಮಣ್ಣಿನ ಭಾರದ ಮೇಲೆ ಇನ್ನೂ ಎರಡು ಗಾಡಿ ಮಣ್ಣು ಹಾಕಿಸಿದೆ. ಅದರ ಮೇಲೆ ಮೂರು ದಿನದ ಜಡಿಮಳೆ.

ಗುರುವಾರ ಮಳೆ ಕೊಂಚ ಬಿಡುವು ಕೊಟ್ಟಾಗ ಹತ್ತಿ ನೋಡಿದರೆ, ಮಾಳಿಗೆಯ ನಡುವೆ ತಗ್ಗು ಬಿದ್ದು ನೀರು ನಿಂತಿತ್ತು. ಇಳಿದು ಒಳಗೆ ಓಡಿದೆ. ತೊಲೆಯಲ್ಲಿ ಬೆರಳು ಹೋಗುವಷ್ಟು ಸೀಳು. ನೇರ ಅದರ ಕೆಳಗೆ ಹೊರಸು. ಹೊರಸಿನ ಮೇಲೆ ತಾಯಿ, ಮಗು.

"ಅವ್ವಾ, ಮುಂಜಾನಿಂದ ಮಣ್ಣು ಉದುರಾಕತ್ತೈತಿ" ಎಂದಳು ಮಗಳು, ಮೆಲ್ಲಗೆ.

"ಮಣ್ಣಿನ ಮಾಳಿಗಿ ಮಣ್ಣು ಉದುರಸದ ಮುತ್ತು ಉದುರಸ್ತೈತೇನು? ಸುಮ್ಮನ ಮಲಕ್ಕೊ." ಈರಮ್ಮನಿಗೆ ಕಣ್ಣು ಮಂಜು, ಮಳೆಗೆ ಬೆಳಕಿಂಡಿ ಮುಚ್ಚಿದ್ದರಿಂದ ಒಳಗೆ ಕತ್ತಲೆ ಬೇರೆ. ನನ್ನ ಕಡೆ ತಿರುಗಿದರು. "ಮದ್ರಾಸಿನ ಲಾಟ್‌ಸಾಹೇಬ ಬಂದು ಹೇಳಿದ್ರೂ ಏಳಂಗಿಲ್ಲ. ಎದ್ದು ಎಲ್ಲಿಗೆ ಹೋಗೂಣು?"

"ನಮ್ಮ ದನದ ಕೊಟ್ಟಿಗೆ ಗುಡಿಸಿ ಕೊಡ್ತೀನಿ" ಎಂದೆ. ನನ್ನ ಔದಾರ್ಯಕ್ಕೆ ನನಗೇ ಬೆರಗು.

"ನಿಮ್ಮ ಹೆಂಡ್ತಿ ಬಾಣಂತನ ಕೊಟ್ಟಿಗ್ಯಾಗ ಆತೇನ್ರಿ ರಾಯರ?"

ಇಲ್ಲ, ನಡುಮನೆಯಲ್ಲಿ ಎಂದೆ.

"ಹಂಗಾದ್ರ ನಡುಮನಿ ಕೊಡ್ರಿ. ತೊಲಿ ಖರೇನ ಮುರದಿದ್ರ ಕೊಡ್ತೀರಿ. ಸುಳ್ಳಾದ್ರ ಕೊಡಂಗಿಲ್ಲ."

ನಮ್ಮದು ಮಡಿ-ಮೈಲಿಗೆಯ ವೈಷ್ಣವರ ಮನೆ. ನಡುಮನೆಗೆ ಅಂಟಿಕೊಂಡೇ ದೇವರ ಕೋಣೆ. ಅಲ್ಲಿ ಬೇರೆ ಜಾತಿಯ ಬಾಣಂತಿ, ಅದೂ ಹೆರಿಗೆಯ ಪುರುಡು ಕಳೆಯದೆ? ಓಣಿಯವರು ಏನೆಂದಾರು? ಮೇಲೆ ತೊಲೆ ಕರಕರ ಎಂದಿತು. ಹೊರಸಿನ ಅಂಚಿಗೆ ಹಿಡಿ ಮಣ್ಣು ಬಿತ್ತು. ನಾನು ಆಗಲೂ ಓಣಿಯವರನ್ನೇ ನೆನೆಯುತ್ತಾ ನಿಂತಿದ್ದೆ. (ಬರೆಯಲು ನಾಚಿಕೆ. ಆದರೆ ನಿಂತಿದ್ದು ಹೌದು.)

ಬಾಗಿಲಲ್ಲಿ ನನ್ನ ಹೆಂಡತಿಯ ದನಿ ಕೇಳಿಸಿತು. "ನಡುಮನ್ಯಾಗ ಹಾಸೀನಿ ಈರಮ್ಮ, ಕೂಸಿನ್ನ ಇತ್ತ ಕೊಡ್ರಿ. ಇವರ ಚಿಂತಿ ಮುಗಿಯೋ ಹೊತ್ತಿಗೆ ಮಾಳಿಗಿ ಕೆಳಗ ಬಂದಿರ್ತದ."

ಈರಮ್ಮ ಎದ್ದರು. ಎಲ್ಲರೂ ಹೊರಗೆ ಬಂದರು.

ಮಾಳಿಗೆ ಬೀಳಲಿಲ್ಲ. ಶುಕ್ರವಾರವೂ ಬೀಳಲಿಲ್ಲ. ಶನಿವಾರ ತಿಪ್ಪಣ್ಣ ಬಂದ. ಖಾಲಿ ಮನೆಯನ್ನೂ ನಿಂತೇ ಇದ್ದ ಮಾಳಿಗೆಯನ್ನೂ ನೋಡಿ, "ಕಡಿಗೂ ಬಿಡಿಸಿದ್ರಿ, ಹೌದಿಲ್ರಿ?" ಎಂದ. ಸೀಳು ತೋರಿಸಿದೆ. "ಮರ ಅಂದಮ್ಯಾಲ ಸೀಳು ಇರ್ತೈತಿ" ಎಂದ. ಸ್ವಂತ ಮನೆ ಬೀಳಲಿ ಎಂದು ದೇವರಿಗೆ ಕೈಮುಗಿದ ಮಾಲೀಕನನ್ನು ನೀವು ಕಂಡಿದ್ದೀರಾ?

ಭಾನುವಾರ ಬೆಳಿಗ್ಗೆ, ಮಳೆ ನಿಂತು ಬಿಸಿಲು ಬಂದ ಮೇಲೆ, ಬಿತ್ತು. ಹೊರಸು ಮಣ್ಣಿನಡಿಯಲ್ಲಿ ಎಲ್ಲಿದೆ ಎಂದೇ ಕಾಣಲಿಲ್ಲ. ತಿಪ್ಪಣ್ಣ ನಮ್ಮ ಹೊಸ್ತಿಲ ಮೇಲೆ ಕುಳಿತ.

ನನ್ನಂಥ ಸಣ್ಣ ಮಾಲೀಕರೇ, ಹೊಸ ಮಣ್ಣು ಹಾಕಿಸುವ ಮೊದಲು ಹಳೆಯದನ್ನು ಕೆರೆಸಿ. ಮನೆ ಭಾವಮೈದುನನಿಗೆ ಬೇಕಿದ್ದರೆ ಭಾವಮೈದುನನಿಗೆ ಎಂದೇ ಹೇಳಿ. ಜಗಳವಾಗುತ್ತದೆ, ಆಗಲಿ. ರಿಪೇರಿ ಎನ್ನುವ ಮಾತನ್ನು ರಿಪೇರಿಗೇ ಉಳಿಸಿಕೊಳ್ಳಿ.

ಈರಮ್ಮ ಆ ಮಣ್ಣಿನ ರಾಶಿಯೆದುರು ನಿಂತು ಕೇಳಿದರು: "ಮನಿ ಎದ್ದಮ್ಯಾಲ ಯಾರನ್ನ ಕರೀತೀರಿ? ನಮ್ಮನ್ನೋ, ನಿಮ್ಮ ಹೆಂಡ್ತಿ ತಮ್ಮನ್ನೋ?"

"ನಿಮ್ಮನ್ನೇ" ಎಂದೆ.

ಆಕೆಯ ಜಾಗದಲ್ಲಿ ನೀವಿದ್ದಿದ್ದರೆ ನಂಬುತ್ತಿದ್ದಿರಾ?