ಒಂದೇ ಹರವಿಯ ನೀರು

ಹತ್ತಿ ಜಿನ್ನಿಂಗ್ ಮಿಲ್ಲಿನ ಭೋಂಗಾ, ಅಂದರೆ ಪಾಳಿಯ ಸೈರನ್ನು, ಆಗ ಶಹಾಪುರದಾಚೆಯ ಹೊಲಗಳವರೆಗೂ ಕೇಳುತ್ತಿತ್ತು. ಆ ದಿನ ಅದು ಕೂಗಿ ನಿಲ್ಲುವಷ್ಟರಲ್ಲಿ ನಾನು ಹೇಳಿ ಮುಗಿಸಿದ್ದೆ — "ಇನ್ಮ್ಯಾಲ ದುರ್ಗವ್ವಗ ಯಾರೂ ನೀರು ಕೊಡಬ್ಯಾಡ್ರಿ." ಹೇಳಿದ್ದು ಮಿಲ್ಲಿನ ಮಾಲೀಕ ಸೇಠನಲ್ಲ, ಊರ ಗೌಡನಲ್ಲ. ನಾನು — ಕಾನ್ವೆಂಟಿನಲ್ಲಿ ಕಲಿತವಳು, ಹತ್ತಿ ಆರಿಸುವ ಹೆಂಗಸರ ಸಂಘ ಕಟ್ಟಿದವಳು.

ನೀರಿನ ಕಥೆ ಹೇಳದೆ ಈ ಮಾತಿನ ವಿಷ ತಿಳಿಯದು. ಮೊದಲು ಮಿಲ್ಲಿನಲ್ಲಿ ದಲಿತ ಕೇರಿಯ ಹೆಂಗಸರು ಕುಡಿಯುವ ನೀರಿನ ಮಣ್ಣಿನ ಹರವಿ ಮುಟ್ಟುವಂತಿರಲಿಲ್ಲ. ಬೊಗಸೆ ಒಡ್ಡಬೇಕು, ಮೇಲಿನಿಂದ ಯಾರಾದರೂ ಹುಯ್ಯಬೇಕು. ಸಂಘದ ಮೊದಲ ಜಗಳ ಅದಕ್ಕೇ. ಗೆದ್ದೆವು — ಒಂದೇ ಹರವಿ, ಒಂದೇ ಲೋಟ. ಅಂಥದೇ ಕೇರಿಯವಳು, ಸಗರ ಊರಿನ ದುರ್ಗವ್ವ; ಮೊದಲು ತಾನೇ ಮೊಗೆದು ಕುಡಿದು ಬಾಯಿ ಒರೆಸಿಕೊಂಡಳು.

"ರುಚಿ ಅದೇ ಅದ ಬಿಡ್ರಿ ಅಕ್ಕೋರ! ಇವ್ರು ಮುಚ್ಚಿಟ್ಟಿದ್ದು ನೋಡಿ ಬೆಲ್ಲ ಹಾಕ್ಯಾರಂತ ತಿಳ್ಕೊಂಡಿದ್ದೆ."

ಎಲ್ಲರೂ ನಕ್ಕರು. ನಾನು ಅದನ್ನು ಡಿಗ್ನಿಟಿ ಅಂದೆ. ಭಾಷಣಗಳಲ್ಲಿ ಎಷ್ಟು ಸಲ ಅಂದೆನೋ.

ಮರುವರ್ಷ ಕೂಲಿಗಾಗಿ ಮುಷ್ಕರ. ಗೇಟಿನ ಮುಂದೆ ಎಲ್ಲರೂ ಕೂತಿರುವಾಗ ದುರ್ಗವ್ವ ಒಬ್ಬಳೇ ಕೆಲಸಕ್ಕೆಂದು ಒಳಗೆ ಹೊರಟಳು. ಅಡ್ಡ ನಿಂತೆ. ಎಲ್ಲರೂ ಕೂಡಿ ತೀರ್ಮಾನಿಸಿದ್ದೇವೆ, ನೀನು ಕಾರಣ ಹೇಳು, ಅಂದೆ.

"ಸೇಠನೂ ಕಾರಣ ಕೇಳ್ತಾನ, ನೀವೂ ಕೇಳ್ತೀರಿ. ನನ್ನ ಕೈ ಯಾರ ಜಾಗೀರ್ರಿ ಅಕ್ಕೋರ?"

ಹೋದಳು. ಭೋಂಗಾ ಕೂಗಿತು. ಆಗಲೇ ನಾನು ನೀರಿನ ಆ ಮಾತು ಹೇಳಿದ್ದು.

ಮುಷ್ಕರ ಒಡೆಯುತ್ತಿತ್ತು — ಇರಬಹುದು. ಒಬ್ಬೊಬ್ಬರೂ ನನ್ನಿಚ್ಛೆ ಎಂದು ಒಳಗೆ ಹೋದರೆ ಸೇಠನಿಗೆ ಹಬ್ಬ. ಬಡವರಿಗೆ ಒಗ್ಗಟ್ಟು ಬಿಟ್ಟರೆ ಬೇರೆ ಆಯುಧವಿಲ್ಲ, ಇವತ್ತಿಗೂ ನಂಬುತ್ತೇನೆ. ಆದರೆ ಗೆದ್ದ ಮೇಲೆ? ಕೂಲಿ ಹೆಚ್ಚಾಯಿತು, ಎಲ್ಲರೂ ಕೆಲಸಕ್ಕೆ ಮರಳಿದರು. ಲೋಟ ಮಾತ್ರ ದುರ್ಗವ್ವನ ಕೈಗೆ ಮರಳಲಿಲ್ಲ. ಒಂದೇ ಲೋಟದಲ್ಲಿ ಕುಡಿಯಿರಿ ಎಂದು ಉಳಿದ ಜಾತಿಯ ಹೆಂಗಸರಿಗೆ ತಿಂಗಳುಗಟ್ಟಲೆ ತಿಳಿಹೇಳಿದ್ದೆ; ಕಸಿದುಕೊಳ್ಳುವುದನ್ನು ಕಲಿಸಬೇಕಾಗಲೇ ಇಲ್ಲ. ಅದು ಅವರಿಗೆ ಬರುತ್ತಿತ್ತು. ನನಗೂ ಬರುತ್ತಿತ್ತು — ಛೇ, ಕಾನ್ವೆಂಟು, ಕ್ರಾಂತಿ, ಎಲ್ಲದರ ಕೆಳಗೆ ಎಷ್ಟು ಭದ್ರವಾಗಿ ಕೂತಿತ್ತು!

ನನ್ನ ಒಂದು ಮಾತು ಸಾಕಿತ್ತು. ಆಡಲಿಲ್ಲ. ಆಕೆಯೇ ಬಂದು ಕ್ಷಮೆ ಕೇಳಲಿ ಎಂದು ಕಾದೆ — ಯಾವುದಕ್ಕೆ? ಡಿಸಿಪ್ಲಿನ್ ಅಂದುಕೊಂಡೆ. ಬಾಯಾರಿದಾಗ ಆಕೆ ಗೇಟು ದಾಟಿ ಕಾಲುವೆಯತ್ತ ಹೋಗುತ್ತಿದ್ದಳು. ಅದನ್ನು ನೋಡಿಕೊಂಡೇ ನಾನು ಸ್ವಾತಂತ್ರ್ಯದ ಬಗ್ಗೆ ಪ್ಯಾಂಫ್ಲೆಟ್ ಬರೆದೆ. ಮುಂದಿನ ಸುಗ್ಗಿಗೆ ಆಕೆ ಮಿಲ್ಲಿಗೆ ಬರಲಿಲ್ಲ. ಈಗಲೂ ಯಾದಗಿರಿಯ ಹುಡುಗಿಯರು ಸಭೆಗೆ ಕರೆಯುತ್ತಾರೆ, ಮೇಡಂ, ಸಾಲಿಡಾರಿಟಿ ಬಗ್ಗೆ ಮಾತಾಡಿ ಎನ್ನುತ್ತಾರೆ.

ಆಕೆಯನ್ನು ಕಡೆಯ ಸಲ ಕಂಡದ್ದು ಹೋದ ಬೇಸಿಗೆಯಲ್ಲಿ, ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ. ಕಂಬಕ್ಕೆ ಒರಗಿ ಕೂತಿದ್ದಳು, ತಲೆ ಪೂರಾ ಬೆಳ್ಳಗೆ. ಗುರುತು ಹಿಡಿದಳು.

"ಆರಾಮ ಅದೀರೇನ್ರಿ ಅಕ್ಕೋರ?"

ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಚಾಚಿದೆ. ಆಕೆ ಬಾಟಲಿ ಹಿಡಿಯಲಿಲ್ಲ. ಎರಡೂ ಕೈ ಕೂಡಿಸಿ ಬೊಗಸೆ ಮಾಡಿ, ನನ್ನ ಮುಖವನ್ನೇ ನೋಡುತ್ತ, "ಹಾಕ್ರಿ" ಎಂದಳು.

ನಾನು ಹುಯ್ದೆ.