ಟಿವಿಯಲ್ಲಿ ಬಂದ ನನ್ನ ಬೆನ್ನು

ನನ್ನ ಮುಖ ಒಬ್ಬ ಸಿನಿಮಾ ನಟರ ಮುಖದಂತಿದೆ. ಹಗರಿಬೊಮ್ಮನಹಳ್ಳಿಯಲ್ಲಿ ನಾನು ಬಟ್ಟೆ ಹೊಲಿಯುವ ಅಂಗಡಿ ಇಟ್ಟ ಹೊಸತರಲ್ಲಿ, ಪ್ಯಾಂಟಿನ ಅಳತೆ ಕೊಡಲು ಬಂದ ಕಾಲೇಜು ಹುಡುಗರು ಇದನ್ನು ಮೊದಲು ಹೇಳಿದರು. ಆಮೇಲೆ ನಾನೂ ಮೀಸೆಯನ್ನು ಆ ನಟರಂತೆಯೇ ಕತ್ತರಿಸಿಕೊಳ್ಳತೊಡಗಿದೆ. ಕೊಟ್ಟೂರು, ಹಡಗಲಿ ಕಡೆಯ ಆರ್ಕೆಸ್ಟ್ರಾದವರು ಕರೆಯತೊಡಗಿದರು. ಆ ನಟರ ಹಾಡು ಶುರುವಾದಾಗ ವೇದಿಕೆಗೆ ಬರುವುದು, ಕಪ್ಪು ಕನ್ನಡಕ ತೆಗೆಯುವುದು, ನಾಲ್ಕು ಹೆಜ್ಜೆ ಹಾಕಿ ಇಳಿಯುವುದು. ಅಷ್ಟಕ್ಕೇ ಜನ ಸಿಳ್ಳೆ ಹೊಡೆಯುತ್ತಿದ್ದರು. ಮಾತಾಡುವ ಪ್ರಸಂಗ ಬರಲಿಲ್ಲ.

ಕಳೆದ ವರ್ಷ ಬೆಂಗಳೂರಿನ ಒಂದು ಟಿವಿ ವಾಹಿನಿಯಿಂದ ಫೋನ್ ಬಂತು. ರಾತ್ರಿ ತಡವಾಗಿ ಬರುವ ಹಾಸ್ಯ ಕಾರ್ಯಕ್ರಮ. ವಾರಕ್ಕೊಬ್ಬ ಸಿನಿಮಾದವರು ಬಂದು ನಡೆಸಿಕೊಡುತ್ತಾರೆ, ನಡುವೆ ಬರುವ ಸಣ್ಣ ಪ್ರಹಸನಗಳಲ್ಲಿ ತಾವೂ ಪಾತ್ರ ಮಾಡುತ್ತಾರೆ. ಆ ವಾರ ಬರುವವರು ಅದೇ ನಟರು.

"ಡಬಲ್ ಆ್ಯಕ್ಟಿಂಗ್ ಸರ್. ಅಣ್ಣ ತಮ್ಮ ಇಬ್ಬರೂ ಒಂದೇ ಥರ ಇರ್ತಾರೆ, ಜಗಳ ಆಡ್ತಾರೆ. ನೀವಿದ್ರೆ ಚೆನ್ನಾಗಿರುತ್ತೆ," ಅಂದರು.

ನಾನು ತಮ್ಮನ ಪಾತ್ರ ನನ್ನದು ಅಂದುಕೊಂಡೆ. ಅವರು ಕಳಿಸಿದ ಮಾತುಗಳನ್ನೆಲ್ಲ ಮಷೀನು ತುಳಿಯುತ್ತಲೇ ಬಾಯಿಪಾಠ ಮಾಡಿದೆ. ಹೆಂಡತಿ ಪಕ್ಕದಲ್ಲಿ ಕುಳಿತು ಗುಂಡಿ ಹಚ್ಚುತ್ತ ಅಣ್ಣನ ಮಾತು ಹೇಳುತ್ತಿದ್ದಳು. ಅವ್ವ ಕೇಳಿ ಕೇಳಿ ಸಾಕಾಗಿ, "ಸ್ವಂತ ಅಣ್ಣಗ ಹಿಂಗ ಬೈತಾರೇನಲೇ," ಅಂದಳು. ಅಷ್ಟರೊಳಗೆ ಓಣಿಗೆಲ್ಲ ಸುದ್ದಿ ಹೇಳಿಬಂದವಳೂ ಅವಳೇ.

ಬೆಂಗಳೂರಿನಲ್ಲಿ ಆ ನಟರು ಮರ್ಯಾದೆಯಿಂದಲೇ ಮಾತಾಡಿಸಿದರು. "ಊಟ ಆಯ್ತಾ? ಕನ್ನಡಿ ನೋಡಿದ ಹಾಗಾಗ್ತಿದೆ," ಅಂತ ನಕ್ಕರು. ಆಮೇಲೆ ನಿರ್ದೇಶಕರು ನನ್ನ ಭುಜ ಹಿಡಿದು ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಲ್ಲಿಸಿದರು. ಅಣ್ಣ ಮಾತಾಡುವಾಗ ತಮ್ಮನ ಬೆನ್ನು ನನ್ನದು, ತಮ್ಮ ಮಾತಾಡುವಾಗ ಅಣ್ಣನ ಬೆನ್ನು ನನ್ನದು. ಎರಡೂ ಮುಖ ಆ ನಟರದೇ.

"ಮಾತು ಕಲ್ತೀನಿ ಸರ್," ಅಂದೆ.

"ಒಳ್ಳೇದಾಯ್ತು. ತಲೆ ಅಲ್ಲಾಡಿಸೋಕೆ ಅನುಕೂಲ ಆಗುತ್ತೆ. ತಿರುಗಬೇಡಿ ಅಷ್ಟೆ."

ಅಲ್ಲಿ ಯಾರೂ ನನಗೆ ಮೋಸ ಮಾಡಲಿಲ್ಲ. ಕೇಳಬೇಕಾದದ್ದನ್ನು ನಾನೇ ಕೇಳಿರಲಿಲ್ಲ. ಊರಿಗೆ ಬಂದು ಹೆಂಡತಿಯ ಮುಂದೆ ಮಾತ್ರ ಹೇಳಿದೆ. ಅವಳು, "ಅತ್ತಿಯರಿಗೆ ಟಿವಿಯಾಗ ಬರೋ ಮೊದ್ಲ ಹೇಳಿಬಿಡ್ರಿ," ಅಂದಳು. ಇವತ್ತು ನಾಳೆ ಅನ್ನುವುದರಲ್ಲಿ ಆ ದಿನ ಬಂದೇಬಿಟ್ಟಿತು.

ಬೇಗ ಮಲಗುವ ಅವ್ವ ಆ ರಾತ್ರಿ ಟಿವಿ ಮುಂದೆ ಎಲ್ಲರಿಗಿಂತ ಮೊದಲು ಕುಳಿತಿದ್ದಳು. ಅಕ್ಕಪಕ್ಕದವರೂ ಬಂದಿದ್ದರು. ಪರದೆಯ ಮೇಲೆ ತಮ್ಮನ ಪಾತ್ರ ಮೊದಲ ಸಲ ಮುಖ ತೋರಿಸಿ ಮಾತಾಡಿದ್ದೇ ತಡ, ಅವ್ವ ಎದ್ದು ನಿಂತಳು. "ಅಗ ನೋಡ್ರಿ, ನನ್ನ ಮಗ." ಎಲ್ಲರೂ ಚಪ್ಪಾಳೆ ಹೊಡೆದರು.

"ಅದು ನಾನಲ್ಲವ್ವ. ಎರಡೂ ಅವರ. ನಂದು ಬರೇ ಬೆನ್ನು," ಅಂದೆ.

ಮನೆಯೆಲ್ಲ ಗೊಳ್ಳೆಂದಿತು. ಪಕ್ಕದ ಮನೆಯ ಹಿರಿಯರು, "ಏನ್ ಮಾತಪ್ಪ ಇವಂದು. ಇಷ್ಟು ಚಲೋ ಮಾಡಿ ನಾನಲ್ಲ ಅಂತಾನ ನೋಡ್ರಿ," ಅಂದರು. ಅದನ್ನೂ ನನ್ನ ಹಾಸ್ಯವೆಂದೇ ತಿಳಿದರು. ಇನ್ನೊಮ್ಮೆ ಹೇಳಿದರೆ ಇನ್ನಷ್ಟು ನಕ್ಕರು. ಹೆಂಡತಿ ಮಾತ್ರ ಚಹಾ ಕಾಸುವ ನೆಪದಲ್ಲಿ ಒಳಗೆ ಹೋದವಳು ಹೊರಗೆ ಬರಲಿಲ್ಲ.

ಮರುದಿನದಿಂದ ಅಂಗಡಿಗೆ ಬಂದವರೆಲ್ಲ ತಮ್ಮನ ಮಾತು ಹೇಳಿಸುತ್ತಿದ್ದರು. ನಾನು ಹೇಳಿದರೆ ಯಾರಿಗೂ ನಗು ಬರುತ್ತಿರಲಿಲ್ಲ. "ಟಿವಿಯಾಗ ಬ್ಯಾರೆ ಇತ್ತಲ್ರಿ," ಅನ್ನುತ್ತ ಹೋಗುತ್ತಿದ್ದರು. ನಾನು ಮಾಡದ ಕೆಲಸಕ್ಕೆ ಹೊಗಳಿಕೆ, ಅದನ್ನು ಮತ್ತೆ ಮಾಡಲು ಬಾರದ್ದಕ್ಕೆ ಬೇಸರ, ಎರಡನ್ನೂ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದೆ.

ಹೀಗಿರುವಾಗ ಕಾನಹೊಸಹಳ್ಳಿಯ ಯುವಕ ಸಂಘದವರು ಸನ್ಮಾನಕ್ಕೆ ಕರೆದರು. ಬೇಡವೆಂದರೂ ಬಿಡಲಿಲ್ಲ, ಅವ್ವ ಆಗಲೇ ಒಪ್ಪಿಕೊಂಡಿದ್ದಳು. ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತಳು. ಶಾಲು ಹೊದಿಸಿದರು, ಹಾರ ಹಾಕಿದರು. ಸಂಘದ ಅಧ್ಯಕ್ಷರು ಮೈಕು ಕೊಟ್ಟು, "ತಮ್ಮನ ಪಾತ್ರದ್ದು ನಾಲ್ಕು ಮಾತು ಹೇಳ್ರಿ," ಅಂದರು.

ಬಾಯಿ ತೆರೆದೆ. ಮೊದಲ ಸಾಲೇ ನೆನಪಾಗಲಿಲ್ಲ. ಜನ ಕಾಯುತ್ತಿದ್ದರು. ಆಮೇಲೆ ನಾನು ನಿಧಾನವಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿರ್ದೇಶಕರು ಹೇಗೆ ನಿಲ್ಲಿಸಿದರು, ಕ್ಯಾಮೆರಾ ಎಲ್ಲಿತ್ತು, ಎಲ್ಲವನ್ನೂ. "ಇಷ್ಟ ನೋಡ್ರಿ ನಾನು ಮಾಡಿದ್ದು," ಅಂತ ತಿರುಗಿ ನಿಂತು ತೋರಿಸಿದೆ.

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಬೆನ್ನ ಹಿಂದೆ ಕುರ್ಚಿಗಳು ಸರಿಯುವ ಸದ್ದು ಕೇಳಿತು. ಅಧ್ಯಕ್ಷರು ಮೈಕು ಇಸಿದುಕೊಂಡು, "ಇರ್ಲಿ ಬಿಡ್ರಿ, ಕಲಾವಿದರು ಕಲಾವಿದರ," ಅಂದು ಮಕ್ಕಳ ಕುಣಿತ ಶುರು ಮಾಡಲು ಹೇಳಿದರು. ಶಾಲು ತೆಗೆಯಬೇಕೋ ಇಟ್ಟುಕೊಳ್ಳಬೇಕೋ ತಿಳಿಯದೆ ಹಾಗೆಯೇ ಕೆಳಗಿಳಿದೆ.

ಊರಿಗೆ ಮರಳುವಾಗ ಕೂಡ್ಲಿಗಿಯ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ನನ್ನಿಂದ ಅವಳ ಮರ್ಯಾದೆ ಹೋಯಿತು ಅನ್ನಿಸಿ, "ತಪ್ಪಾತವ್ವ. ಇನ್ನೊಂದ್ಸಲ ಕುಂದರಿಸಿ ಸರಿಯಾಗಿ ಹೇಳಬೇಕಿತ್ತು," ಅಂದೆ.

"ನೀ ಹೇಳಿದ್ದಿ," ಅಂದಳು. "ಮನ್ಯಾಗ, ಎಲ್ಲಾರ ಮುಂದ ಹೇಳಿದ್ದಿ. ನಾನ ಕಿವಿಗಿ ಹಾಕ್ಕೊಳ್ಲಿಲ್ಲ."

ಹೊಲಗಳು ಹಿಂದಕ್ಕೆ ಹೋಗುತ್ತಿದ್ದವು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಮಂದಿಗಿ ಗೊತ್ತಾಗಲಿಲ್ಲ, ಅದು ಬ್ಯಾರೆ ಮಾತು. ನಾ ಹೆತ್ತಾಕಿ. ಯಾರದೋ ಮಾರಿ ನೋಡಿ ನನ್ನ ಮಗ ಅಂತ ಎದ್ದು ನಿಂತೆನಲ್ಲ. ನೀನು ಅಲ್ಲೇ ಬೆನ್ನು ಮಾಡಿ ನಿಂತಿದ್ದಿ, ನಿನ್ನ ನೋಡಲೇ ಇಲ್ಲ ನಾನು."

ಅಲ್ಲಿಯವರೆಗೆ ನಾಚಿಕೆ ನನ್ನೊಬ್ಬನದೇ ಅಂದುಕೊಂಡಿದ್ದೆ. ಅವಳಿಗೂ ಅದನ್ನು ಅಂಟಿಸಿದೆನಲ್ಲ ಅನ್ನುವುದು ವೇದಿಕೆಯ ಮೇಲಿನ ಅವಮಾನಕ್ಕಿಂತ ಹೆಚ್ಚಾಗಿ ಚುಚ್ಚಿತು.

ಆರ್ಕೆಸ್ಟ್ರಾದವರು ಈಗಲೂ ಒಮ್ಮೊಮ್ಮೆ ಕರೆಯುತ್ತಾರೆ. ಹೊಲಿಗೆ ಕೆಲಸ ಬಹಳ ಇದೆ ಅನ್ನುತ್ತೇನೆ. ಅವ್ವ ಮಧ್ಯಾಹ್ನ ಊಟದ ಡಬ್ಬಿ ತಂದು ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಾಳೆ. ಮೊದಲಾದರೆ ಡಬ್ಬಿ ಇಟ್ಟು ಹೋಗಿಬಿಡುತ್ತಿದ್ದಳು. ಈಗ ನನ್ನ ಮುಖವನ್ನೇ ನೋಡುತ್ತ ಕೂರುತ್ತಾಳೆ.

"ಯಾಕವ್ವ?" ಅಂದರೆ, "ಏನಿಲ್ಲ, ನೀ ಹೊಲಿ," ಅನ್ನುತ್ತಾಳೆ.