ಪೇಟವೋ ಮಡಿಲಕ್ಕಿಯೋ

ಬೆಳಿಗ್ಗೆ ಹೆಂಡತಿ ಬೀರು ತೆಗೆದಳು. ನುಸಿಗುಳಿಗೆಯ ವಾಸನೆ ಮನೆಯೆಲ್ಲ ಹರಡಿತು, ಜೊತೆಗೆ ನನ್ನ ಸನ್ಮಾನದ ಶಾಲುಗಳೂ ಹೊರಬಿದ್ದವು. ನಿವೃತ್ತ ಮೇಷ್ಟ್ರ ಮನೆಯಲ್ಲಿ ಬೇರೇನಿಲ್ಲದಿದ್ದರೂ ಶಾಲಿಗೆ ಬರವಿಲ್ಲ. ಹೊದ್ದರೆ ಮೈ ಕಚ್ಚುತ್ತವೆ, ಯಾರಿಗಾದರೂ ಕೊಡೋಣವೆಂದರೆ ಅವರ ಮನೆಯಲ್ಲೂ ನಾಲ್ಕಿರುತ್ತವೆ. ಒಂದು ಕಾಲಕ್ಕೆ ಹೆಮ್ಮೆಯಿಂದ ಎಣಿಸುತ್ತಿದ್ದೆ. ಈಗ ಕಂಡರೆ ನಾಚಿಕೆಯಾಗುತ್ತದೆ. ಯಾಕೆಂದು ಹೇಳುತ್ತೇನೆ, ನೀವು ನನ್ನನ್ನು ನೋಡಿ ಧಾರಾಳವಾಗಿ ನಗಬಹುದು.

ಸಾದಲಿ ಹತ್ತಿರದ ನಮ್ಮೂರಿನಲ್ಲಿ ಚೈತ್ರ ಅಂತ ಒಬ್ಬಳಿದ್ದಾಳೆ. ನನ್ನ ಶಾಲೆಯಲ್ಲಿ ಓದುವಾಗ ಹುಡುಗರ ಸಾಲಿನಲ್ಲಿ ಕೂರುತ್ತಿದ್ದಳು. ಹಾಜರಿ ಪುಸ್ತಕದಲ್ಲಿದ್ದ ಹೆಸರು ಬೇರೆ, ಅದು ಈಗ ಯಾರಿಗೂ ಬೇಡ. ಹದಿನೆಂಟಕ್ಕೆ ಊರು ಬಿಟ್ಟಳು. ಬಿಟ್ಟಳು ಅನ್ನುವುದು ಊರಿನ ಮರ್ಯಾದೆಯ ಮಾತು, ಓಡಿಸಿದೆವು ಅನ್ನುವುದು ನಿಜ. ಹತ್ತು ವರ್ಷದ ಮೇಲೆ ಸೀರೆಯುಟ್ಟು ವಾಪಸು ಬಂದು, ವಿಧವೆ ತಾಯಿ ನಾರಾಯಣಮ್ಮನ ಮನೆಯಲ್ಲಿ ಚಾಕಿ ಶುರುಮಾಡಿದಳು. ಚಾಕಿಯೆಂದರೆ ಮೊಟ್ಟೆಯೊಡೆದ ರೇಷ್ಮೆ ಹುಳುವನ್ನು ಮೊದಲ ಕೆಲವು ದಿನ ಎಳೆಗೂಸಿನಂತೆ ಸಾಕಿ ರೈತರಿಗೆ ಕೊಡುವ ಕೆಲಸ. ಅವಳ ಕೈಯ ಹುಳು ತಂದವರಿಗೆ ಬೆಳೆ ಕೈಕೊಟ್ಟಿದ್ದು ಕಡಿಮೆ. ಹಾಗಾಗಿ ಊರಿನ ಧರ್ಮಸೂಕ್ಷ್ಮ ಹೀಗೆ ತೀರ್ಮಾನವಾಯಿತು: ಅವಳು ಸಾಕಿದ ಹುಳು ಮನೆಯೊಳಕ್ಕೆ, ಅವಳು ಮಾತ್ರ ಜಗಲಿಗೆ.

ಹೋದ ವರ್ಷ ಪಕ್ಕದೂರಿನವರು ಚೈತ್ರಳಂಥ ಒಬ್ಬಳನ್ನು ಕರೆದು ಸನ್ಮಾನ ಮಾಡಿ, ಪೇಪರಿನಲ್ಲಿ ಫೋಟೊ ಹಾಕಿಸಿಕೊಂಡರು. ನಮ್ಮವರಿಗೆ ತಡೆಯಲಾಗಲಿಲ್ಲ. ಕರುಣೆ ಇಲ್ಲದಿದ್ದರೂ ನಡೆಯುತ್ತದೆ, ಪಕ್ಕದೂರಿಗಿಂತ ಹಿಂದೆ ಬೀಳುವುದು ನಡೆಯುವುದಿಲ್ಲ. ಡೈರಿ ಅಧ್ಯಕ್ಷ ಅಶ್ವತ್ಥಪ್ಪ ಸಭೆ ಕರೆದ. ರಾಜ್ಯೋತ್ಸವಕ್ಕೆ ಚೈತ್ರಳಿಗೆ ಸನ್ಮಾನವೆಂದು ಒಂದೇ ಉಸಿರಿಗೆ ಒಪ್ಪಿದೆವು. ಆಮೇಲೆ ಶುರುವಾಯಿತು ನೋಡಿ. ನಮ್ಮಲ್ಲಿ ಗಂಡಸಿಗೆ ಸನ್ಮಾನವೆಂದರೆ ತಲೆಗೆ ಮೈಸೂರು ಪೇಟ. ಹೆಂಗಸಿಗೆ ಮಡಿಲಕ್ಕಿ: ಮನೆಮಗಳನ್ನು ಕಳಿಸಿಕೊಡುವಾಗ ಕಟ್ಟುವ ಹಾಗೆ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ಬಳೆ, ರವಿಕೆ ಕಣ.

“ಪೇಟ ಇಡಣಾಂದ್ರೆ ಸೀರೆ ಉಟ್ಟವ್ಳೆ. ಮಡ್ಲಕ್ಕಿ ಕಟ್ಟಣಾಂದ್ರೆ ಮದ್ವೆ ಆಗಿಲ್ಲ. ಏನ್ ಮಾಡಣ ಮೇಷ್ಟ್ರೇ?” ಎಂದ ಅಶ್ವತ್ಥಪ್ಪ.

ಮೂರು ಸಂಜೆ ಚರ್ಚೆ ನಡೆಯಿತು. ಕೆರೆ ಹೂಳೆತ್ತುವ ವಿಚಾರಕ್ಕೂ ನಮ್ಮೂರಿನಲ್ಲಿ ಅಷ್ಟು ಟೀ ಕುಡಿದವರಿಲ್ಲ. ಕೊನೆಗೆ ಊರಿನ ಬುದ್ಧಿವಂತನಾದ ನಾನು ಹಾವೂ ಸಾಯದ, ಕೋಲೂ ಮುರಿಯದ ದಾರಿ ಹುಡುಕಿದೆ. “ಶಾಲು ಸಾಕು ಕಣಪ್ಪ. ಗಂಡಸ್ರಿಗೂ ಆಗುತ್ತೆ, ಹೆಂಗಸ್ರಿಗೂ ಆಗುತ್ತೆ.” ಎಲ್ಲರೂ ತಲೆದೂಗಿದರು. ನನ್ನ ಬೆನ್ನು ನಾನೇ ತಟ್ಟಿಕೊಂಡು ಮನೆಗೆ ಬಂದೆ.

“ಚೈತ್ರ ಒಂದೇ ಮಾತು ಕೇಳಿದ್ಲು ರೀ,” ಎಂದಳು ಹೆಂಡತಿ. “ಮಡ್ಲಕ್ಕಿ ಕಟ್ತಾರಾ ಅಕ್ಕ, ಅಂತ.”

“ಮುಂದಿನ ವರ್ಷ ನೋಡಣ,” ಎಂದೆ. ಈ ಮಾತು ಹೇಳುವುದರಲ್ಲಿ ನನಗೆ ನಲವತ್ತು ವರ್ಷದ ಅನುಭವವಿದೆ.

ರಾಜ್ಯೋತ್ಸವದ ದಿನ ಡೈರಿ ಮುಂದೆ ಶಾಮಿಯಾನ ಎದ್ದಿತು. ಹಿಂದೆ ಕಲ್ಲು ಎತ್ತಿದ್ದ ಕೈಗಳೇ ಮೈಕು ಹಿಡಿದು, ಚೈತ್ರ ನಮ್ಮೂರಿನ ಹೆಮ್ಮೆ ಎಂದವು. ಅಶ್ವತ್ಥಪ್ಪ ಶಾಲಿನ ಕವರು ಬಿಚ್ಚುತ್ತಿದ್ದ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ನಾರಾಯಣಮ್ಮ ಎದ್ದು ಬಂದಳು. ಕೈಯಲ್ಲಿ ಮೊರ, ಮೊರದಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ಹಸಿರು ಬಳೆ.

“ನಾರಾಯಣಮ್ಮ, ನೀನು ಕಟ್ಟಂಗಿಲ್ಲಮ್ಮ,” ಎಂದು ಅಶ್ವತ್ಥಪ್ಪ ಮೆಲ್ಲಗೆ ಹೇಳಿದ. ವಿಧವೆ ಮಡಿಲಕ್ಕಿ ಕಟ್ಟುವ ಪದ್ಧತಿ ನಮ್ಮಲ್ಲಿಲ್ಲ.

“ಹೆತ್ತೋಳು ಮಗ್ಳಿಗೆ ಮಡ್ಲಕ್ಕಿ ಕಟ್ಟಕ್ಕೆ ನಿಮ್ ಮೀಟಿಂಗ್ ಯಾಕಪ್ಪ?” ಎಂದಳು ನಾರಾಯಣಮ್ಮ. “ಅವತ್ತು ಊರು ಬಿಡೋವಾಗ ಬರೀ ಮಡ್ಲಲ್ಲಿ ಹೋದ್ಲು ನನ್ ಮಗ್ಳು. ಇವತ್ತೂ ಬಿಡಲ್ವಾ?” ಆಮೇಲೆ ಚೈತ್ರಳ ಕಡೆ ತಿರುಗಿ, ಮನೆಯ ತೆಲುಗಿನಲ್ಲಿ, “ರಾ ತಲ್ಲಿ,” ಬಾ ತಾಯಿ, ಎಂದು ಕರೆದಳು.

ಚೈತ್ರ ಸೆರಗು ಹಿಡಿದಳು. ಮೊದಲ ಹಿಡಿ ಅಕ್ಕಿ ಅರ್ಧ ನೆಲಕ್ಕೇ ಬಿತ್ತು. ಎರಡನೆಯ ಹಿಡಿಗೆ ನನ್ನ ಹೆಂಡತಿ ಎದ್ದಳು, ಅವಳ ಹಿಂದೆ ಅಶ್ವತ್ಥಪ್ಪನ ಹೆಂಡತಿ, ಆಮೇಲೆ ಊರಿನ ಹೆಂಗಸರದೇ ಸಾಲು. ಮೂರು ಸಂಜೆ ನಾವು ಬಿಡಿಸಲಾಗದ ಕಗ್ಗಂಟನ್ನು ಅವರು ಹತ್ತು ನಿಮಿಷದಲ್ಲಿ ಮುಗಿಸಿದರು. ನಾವು ಗಂಡಸರು ಶಾಲು ಹಿಡಿದುಕೊಂಡು ನಿಂತಿದ್ದೆವು. ಸುಳ್ಳೇಕೆ, ನಾನು ಅತ್ತುಬಿಟ್ಟೆ.

ಮಡಿಲಕ್ಕಿಯ ಅಕ್ಕಿಯಲ್ಲಿ ಸಿಹಿ ಮಾಡುವುದು ರೂಢಿ. ಮಾರನೆಯ ದಿನ ಚೈತ್ರ ಪಾಯಸ ಮಾಡಿ ಎಲ್ಲರನ್ನೂ ಊಟಕ್ಕೆ ಕರೆದಳು. ಹೆಂಗಸರು ಹೋದರು. ವೇದಿಕೆಯ ಮೇಲಿದ್ದ ಗಂಡಸರಿಗೆ ಮಾತ್ರ ಒಂದೇ ದಿನ ಒಟ್ಟಿಗೆ ಶುಗರ್ ಬಂದುಬಿಟ್ಟಿತು. “ಡಾಕ್ಟ್ರು ಸಿಹಿ ಮುಟ್ಟಬ್ಯಾಡ ಅಂದವ್ರೆ,” ಎಂದ ಅಶ್ವತ್ಥಪ್ಪ, ಜಿಲೇಬಿ ಕಂಡರೆ ತಟ್ಟೆ ಬಿಡದ ಆಸಾಮಿ. ನನಗೆ ನಿಜವಾಗಿಯೂ ಹದಿನೈದು ವರ್ಷದಿಂದ ಶುಗರ್. ಹೋಗದಿರಲು ಇಡೀ ಊರಿನಲ್ಲಿ ಪ್ರಾಮಾಣಿಕ ಕಾರಣವಿದ್ದವನು ನಾನೊಬ್ಬನೇ. ಹೋದೆ.

ಚೈತ್ರ ಪಾಯಸದ ಲೋಟ ಹಿಡಿದು ಹಿಂದೆಮುಂದೆ ನೋಡಿದಳು. “ನಿಮಗೆ ಬ್ಯಾಡ ಮೇಷ್ಟ್ರೇ, ಶುಗರ್ ಐತೆ. ಬಂದ್ರಲ್ಲ, ಅಷ್ಟೇ ಸಾಕು.”

“ನಿನ್ನ ವಿಷಯದಲ್ಲಿ ಒಂದ್ಸಲ ಸಾಕು ಅಂದು ತಪ್ಪು ಮಾಡಿದೀನಿ ಕಣಮ್ಮ,” ಎಂದೆ. “ಕೊಡಿಲ್ಲಿ.”

ಎರಡು ಲೋಟ ಕುಡಿದೆ. ಅವಳು ಅಲ್ಲಿಯೇ ನಿಂತು, ಲೋಟ ಖಾಲಿಯಾಗುವ ತನಕ ನೋಡುತ್ತಿದ್ದಳು.

ಅಶ್ವತ್ಥಪ್ಪನ ಶುಗರ್ ಯುಗಾದಿ ಹೊತ್ತಿಗೆ ಅವಳ ಮನೆಯ ಒಬ್ಬಟ್ಟು ತಿನ್ನುವಷ್ಟು ವಾಸಿಯಾಯಿತು. ಒಬ್ಬೊಬ್ಬರಾಗಿ ಉಳಿದವರಿಗೂ ಗುಣವಾಗುತ್ತಿದೆ. ನನ್ನದು ಮಾತ್ರ ಏರುತ್ತಲೇ ಇದೆ. ಇವತ್ತು ಮಧ್ಯಾಹ್ನ ಶಿಡ್ಲಘಟ್ಟದ ಡಾಕ್ಟರು ರಿಪೋರ್ಟು ನೋಡಿ, “ಈ ವಯಸ್ನಲ್ಲಿ ಯಾರ ಮನೇಲಿ ಇಷ್ಟೊಂದು ಸಿಹಿ ತಿಂತೀರ?” ಎಂದು ಗದರಿದರು. ನಮಗೆ ಮಕ್ಕಳಿಲ್ಲವೆಂಬುದು ಅವರಿಗೆ ಎಷ್ಟೋ ವರ್ಷದಿಂದ ಗೊತ್ತು.

“ಮಗಳ ಮನೇಲಿ,” ಎಂದೆ.